ಮಕ್ಕಳ ಹೋಮ್ ಒಂದರ ಬಗ್ಗೆ, ಒಳಗಿನಿಂದ ಕಂಡಷ್ಟು

ನಮ್ಮ ಚರ್ಚಿನ ಸಹಾಯದಿಂದ ನಡೆಯುವ ಒಂದು ಹೋಮಿನಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತೇನೆ. ಅಲ್ಲಿಗೆ ದುಡ್ಡು ಕೊಡಬಹುದಾ, ತೀರಿಹೋದ ನೆಂಟರ ಮಗುವನ್ನು ಅಲ್ಲಿ ಬಿಡಬಹುದಾ ಅಂತ ಪರಿಚಯದವರು ಕೇಳುತ್ತಲೇ ಇರುತ್ತಾರೆ. ಒಬ್ಬೊಬ್ಬರಿಗೂ ಬೇರೆಬೇರೆ ಹೇಳುವ ಬದಲು ಒಂದೇ ಸಲ ಬರೆದುಬಿಡುತ್ತಿದ್ದೇನೆ. ಮಕ್ಕಳ ಗುರುತು ಸಿಗಬಾರದು, ಹಾಗಾಗಿ ಹೋಮಿನ ಹೆಸರು ಹಾಕುವುದಿಲ್ಲ.

ಅನಾಥಾಶ್ರಮ ಎಂದಾಗ ಕಣ್ಣಿಗೆ ಕಟ್ಟುವ ಉದ್ದನೆಯ ಹಾಲು, ಸಾಲು ಮಂಚ ಇಲ್ಲಿಲ್ಲ. ಸಾಮಾನ್ಯ ಬೀದಿಯಲ್ಲಿ ಸಾಮಾನ್ಯ ಮನೆಗಳು. ಪ್ರತಿ ಮನೆಯಲ್ಲೂ ಒಂದು ದಂಪತಿ, ಅವರ ಜೊತೆ ಎಂಟು ಹತ್ತು ಮಕ್ಕಳು, ದೊಡ್ಡವರು ಚಿಕ್ಕವರು ಬೆರೆತೇ ಇರುತ್ತಾರೆ. ಅಕ್ಕ ತಮ್ಮ ಒಟ್ಟಿಗೆ ಬಂದರೆ ಬೇರೆ ಮಾಡುವುದಿಲ್ಲ. ದಂಪತಿಯನ್ನು ಮಕ್ಕಳು ಅಂಕಲ್, ಆಂಟಿ ಅಂತಲೇ ಕರೆಯುತ್ತಾರೆ. ಅಪ್ಪ ಅಮ್ಮ ಎನ್ನಬೇಕೆಂಬ ಒತ್ತಾಯವಿಲ್ಲ, ಯಾಕೆಂದರೆ ಇವರಲ್ಲಿ ಎಷ್ಟೋ ಮಕ್ಕಳಿಗೆ ಅಮ್ಮ ಇದ್ದಾಳೆ. ಸಾಕಲು ಕೈಲಾಗದೆ ಬಿಟ್ಟುಹೋಗಿದ್ದಾಳೆ, ಅಷ್ಟೇ.

ಈ ಪದ್ಧತಿ ಇವರೇ ಕಂಡುಹಿಡಿದದ್ದಲ್ಲ. 1833ರಲ್ಲೇ ಹ್ಯಾಂಬರ್ಗ್‌ನಲ್ಲಿ ಯೋಹಾನ್ ಹಿನ್ರಿಷ್ ವಿಖರ್ನ್ ಎಂಬ ಪ್ರಾಟೆಸ್ಟೆಂಟ್ ದೇವಶಾಸ್ತ್ರಜ್ಞರು ಬಡ ಮಕ್ಕಳನ್ನು ಚಿಕ್ಕಚಿಕ್ಕ ಕುಟುಂಬಗಳಾಗಿ ಹಂಚಿ, ಒಂದೊಂದಕ್ಕೆ ಒಬ್ಬ ಹಿರಿಯನನ್ನು ಇಟ್ಟು ಸಾಕಿದ್ದರು. ಅನಾಥ ಮಕ್ಕಳಿಗಾಗಿ ದುಡಿದ ಥಾಮಸ್ ಬರ್ನಾರ್ಡೊ 1876ರಲ್ಲಿ ಲಂಡನ್ ಪಕ್ಕದ ಬಾರ್ಕಿಂಗ್‌ಸೈಡ್‌ನಲ್ಲಿ ಹೆಣ್ಣುಮಕ್ಕಳಿಗಾಗಿ ಪುಟ್ಟ ಮನೆಗಳ ಊರನ್ನೇ ಕಟ್ಟಿಸಿದರು. ಆ ಹೊತ್ತಿಗೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ, ಪ್ರಾರ್ಥನೆಯನ್ನೇ ನಂಬಿ ಅನಾಥಾಶ್ರಮ ನಡೆಸಿದ ಜಾರ್ಜ್ ಮುಲ್ಲರ್ ಅವರ ಭಾರೀ ಕಟ್ಟಡಗಳಲ್ಲಿ 2000ಕ್ಕೂ ಹೆಚ್ಚು ಮಕ್ಕಳಿಗೆ ಜಾಗವಿತ್ತು. ಮುಲ್ಲರ್ ಅವರ ನಂಬಿಕೆಗೆ ಕೈ ಮುಗಿಯುತ್ತೇನೆ. ಆದರೆ ಮಗುವಿಗೆ ಬೇಕಿರುವುದು ದೊಡ್ಡ ಕಟ್ಟಡವಲ್ಲ. ಇದನ್ನು ಇಷ್ಟು ಒತ್ತಿ ಹೇಳಲು ಕಾರಣ, ಇವತ್ತಿಗೂ ಬರುವ ದಾನಿಗಳು ಒಂದು ಹಾಲ್ ಕಟ್ಟಿಸಿಕೊಡುತ್ತೇವೆ, ಕಲ್ಲಿನ ಮೇಲೆ ಹೆಸರು ಹಾಕಿಸಿ ಎನ್ನುತ್ತಾರೆ. ಮನೆ ನೋಡಿಕೊಳ್ಳುವವರ ಸಂಬಳಕ್ಕೆ ಕೊಡಿ ಎಂದರೆ ಹಿಂದೆಮುಂದೆ ನೋಡುತ್ತಾರೆ.

ಸಂಬಳವೇ ಇಲ್ಲಿ ಮುಖ್ಯ. ಮಗು ಒಬ್ಬರನ್ನು ಹಚ್ಚಿಕೊಳ್ಳುವಷ್ಟರಲ್ಲಿ ಆ ಒಬ್ಬರು ಕೆಲಸ ಬಿಟ್ಟರೆ ಮನೆ ಎಷ್ಟು ಚಿಕ್ಕದಿದ್ದರೂ ಪ್ರಯೋಜನವಿಲ್ಲ. ನಾನು ಹೋಗುವ ಮನೆಯ ದಂಪತಿ ಮೊದಲಿನಿಂದಲೂ ಅಲ್ಲೇ ಇದ್ದಾರೆ. ಅದರ ಫಲ ಕಣ್ಣಾರೆ ನೋಡಿದ್ದೇನೆ. ಬಸ್ ನಿಲ್ದಾಣದಲ್ಲಿ ಮಲಗುತ್ತಿದ್ದ ಹುಡುಗನೊಬ್ಬ ಬಂದ ಹೊಸದರಲ್ಲಿ ತಟ್ಟೆಯಿಂದ ಎತ್ತಿ ದಿಂಬಿನ ಕೆಳಗೆ ಬಚ್ಚಿಡುತ್ತಿದ್ದ, ಇರುವೆ ಮುತ್ತುತ್ತಿತ್ತು. ಆಂಟಿ ಬೈಯಲಿಲ್ಲ. ಮುಚ್ಚಳವಿರುವ ಡಬ್ಬಿಯೊಂದನ್ನು ಅವನ ಮಂಚದ ಪಕ್ಕ ಇಟ್ಟು, "ಇದು ನಿಂದು, ಖಾಲಿಯಾದರೆ ಹೇಳು, ತುಂಬಿಸ್ತೀನಿ" ಅಂದರು. ಮೊದಮೊದಲು ದಿನಕ್ಕೆರಡು ಸಲ ತುಂಬಿಸಬೇಕಾಯಿತು. ಆಮೇಲೆ ಅದರಲ್ಲಿ ಗೋಲಿ, ಪೆನ್ಸಿಲ್ ತುಂಡು ಬಂದವು. ಅದೇ ಹುಡುಗ ರಾತ್ರಿ ಹೇಳದೆ ಕೇಳದೆ ಎದ್ದು ಹೋದಾಗಲೆಲ್ಲ ಅಂಕಲ್ ಹಳೇ ಜಾಗಕ್ಕೆ ಹೋಗಿ, ಅವನ ಪಕ್ಕ ಕೂತು, ಬರುತ್ತೇನೆ ಅನ್ನುವವರೆಗೂ ಕಾದು ಕರೆತರುತ್ತಿದ್ದರು. ಬೀದಿಯಲ್ಲಿ ಸ್ವಂತ ದುಡಿಮೆ, ಸ್ವಂತ ಗೆಳೆಯರು ಇದ್ದ ಮಗುವಿಗೆ ನಾಲ್ಕು ಗೋಡೆ ಒಗ್ಗಲು ಹೊತ್ತು ಬೇಕು. ಬೀಗ ಹಾಕಿದರೆ ಕಿಟಕಿ ಹಾರುತ್ತಾರೆ.

ಎಳೇ ಕೂಸುಗಳನ್ನು ಇವರು ತೆಗೆದುಕೊಳ್ಳುವುದಿಲ್ಲ. ಬಹಳ ಜನ ಇದಕ್ಕೆ ಬೇಸರಪಟ್ಟುಕೊಳ್ಳುತ್ತಾರೆ, ನನಗೆ ಇದೇ ಸರಿ ಅನ್ನಿಸುತ್ತದೆ. ಮೂರು ವರ್ಷದೊಳಗಿನ ಮಕ್ಕಳು ಆದಷ್ಟೂ ಕುಟುಂಬದಲ್ಲೇ ಬೆಳೆಯಬೇಕು ಎಂದು ವಿಶ್ವಸಂಸ್ಥೆಯ 2009ರ ಮಾರ್ಗಸೂಚಿಗಳಲ್ಲಿದೆ. ರೊಮೇನಿಯಾದ ಬುಖಾರೆಸ್ಟ್‌ನಲ್ಲಿ ಸಂಸ್ಥೆಗಳಲ್ಲಿದ್ದ 136 ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನದಲ್ಲೂ ಸಾಕು ಕುಟುಂಬ ಸೇರಿದವರೇ ಚೇತರಿಸಿಕೊಂಡದ್ದು, ಅದರಲ್ಲೂ ಎರಡು ವರ್ಷ ತುಂಬುವ ಮೊದಲೇ ಸೇರಿದವರು ಹೆಚ್ಚು. ಅಂಥ ಕೂಸುಗಳನ್ನು ಇವರು ಸಾಕು ಕುಟುಂಬಗಳಿಗೆ ಕಳಿಸಿಕೊಡುತ್ತಾರೆ.

ಪ್ರಾರ್ಥನೆಯ ವಿಷಯ ಎಲ್ಲರೂ ಕೇಳುವುದು. ರಾತ್ರಿ ಮಲಗುವ ಮುಂಚೆ ಒಂದು ಹಾಡು, ಬೈಬಲಿನಿಂದ ನಾಲ್ಕು ಸಾಲು, ಆ ದಿನ ಯಾರಿಗೆ ಏನು ಬೇಜಾರಾಯಿತು ಎಂಬ ಮಾತು. ಬೇರೆ ಧರ್ಮದ ಮನೆಯಿಂದ ಬಂದ ಮಗು ಹೆಸರನ್ನಾಗಲಿ, ಹಬ್ಬವನ್ನಾಗಲಿ ಬಿಡಬೇಕಿಲ್ಲ. ಮಗು ಹುಟ್ಟಿ ಬೆಳೆದ ಧರ್ಮ, ಸಂಸ್ಕೃತಿ, ಭಾಷೆಯ ಕೊಂಡಿ ತಪ್ಪದಂತೆ ನೋಡಬೇಕೆಂದು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 20ನೇ ವಿಧಿಯೂ ಹೇಳುತ್ತದೆ. ನಾನು ವಿಶ್ವಾಸಿ, ಇದನ್ನು ಮನಸಾರೆ ಒಪ್ಪುತ್ತೇನೆ. ಊಟ ಕೊಟ್ಟು ನಂಬಿಕೆ ಕೇಳುವುದು ಕ್ರಿಸ್ತನ ದಾರಿಯಲ್ಲ.

ಬೈಬಲಿನ ಯಾಕೋಬನ ಪತ್ರಿಕೆಯ 1:27ರಲ್ಲಿ ದಿಕ್ಕಿಲ್ಲದ ಮಕ್ಕಳನ್ನೂ ವಿಧವೆಯರನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ನಾವು ಮಕ್ಕಳನ್ನಷ್ಟೇ ಎತ್ತಿಕೊಂಡು ಅಮ್ಮನನ್ನು ಬಿಟ್ಟುಬಿಡುತ್ತೇವೆ. ಈ ಹೋಮ್ ನನಗೆ ಹೆಚ್ಚು ಇಷ್ಟವಾಗುವುದು ಇಲ್ಲೇ. ಮಗು ಬಂದ ತಕ್ಷಣ ಮನೆಯವರನ್ನು ಹುಡುಕಲು ಶುರು ಮಾಡುತ್ತಾರೆ. ಅಮ್ಮನಿಗೆ ಹೊಲಿಗೆ ಮಷೀನು, ಸ್ವಲ್ಪ ಕಾಲದ ಬಾಡಿಗೆ ಕೊಡಿಸಿದರೆ ಮಗು ಅವಳ ಹತ್ತಿರವೇ ಇರಬಹುದು ಅನ್ನಿಸಿದರೆ ಅದನ್ನೇ ಮಾಡುತ್ತಾರೆ. ಎಣ್ಣೆ ಹಚ್ಚಿ ಜಡೆ ಹಾಕಿಕೊಂಡು, ಚೀಲ ಹಿಡಿದು ಅಮ್ಮನ ಜೊತೆ ಹೊರಟ ಹುಡುಗಿಯನ್ನು ನೋಡಿದ್ದೇನೆ. ಆ ಮನೆಯ ಆಂಟಿ ಅವತ್ತು ಅತ್ತರು. ಆದರೂ ಕಳಿಸಿದರು.

ಸರಿ ಕಾಣದ್ದೂ ಇದೆ. ದಾನಿಗಳು ಬಂದ ದಿನ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹಾಡಿಸುತ್ತಾರೆ. ಯಾರೋ ತಮ್ಮ ಮಗುವಿನ ಹುಟ್ಟುಹಬ್ಬಕ್ಕೆ ಕೇಕ್ ತಂದು, ಈ ಮಕ್ಕಳ ಮಧ್ಯೆ ಕೂತು ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ವಾರ್ತಾಪತ್ರದಲ್ಲಿ ಮಗುವಿನ ಮುಖದ ಪಕ್ಕ "ಅಪ್ಪ ಕುಡುಕ" ಎಂದು ಅಚ್ಚಾಗಿತ್ತು. ಹತ್ತನೇ ಕ್ಲಾಸಿನ ಹುಡುಗಿ ಅದನ್ನು ಮಡಚಿ ಪುಸ್ತಕದೊಳಗೆ ತುರುಕುವುದನ್ನು ನೋಡಿ ನನಗೆ ತಡೆಯಲಾಗಲಿಲ್ಲ, ಕಮಿಟಿಯವರೆದುರೇ ಎತ್ತಿದೆ. ಮುಖ ಹಾಕುವುದು ನಿಂತಿದೆ, ಸಾಲು ನಿಲ್ಲಿಸುವುದು ನಿಂತಿಲ್ಲ.

ಹದಿನೆಂಟರ ನಂತರದ ಏರ್ಪಾಡು ಇನ್ನೂ ಕಚ್ಚಾ. ಸ್ವಂತ ಮಕ್ಕಳನ್ನು ಆ ವಯಸ್ಸಿಗೆ ಹೊರಗೆ ಕಳಿಸುವವರು ಎಷ್ಟು ಜನ? ಇಲ್ಲಿ ಕೆಲಸ ಸಿಕ್ಕವರು ಹೇಗೋ ನಿಲ್ಲುತ್ತಾರೆ, ಉಳಿದವರು ಪರಿಚಯದವರ ಮನೆಗಳಲ್ಲಿ ದಿನ ದೂಡುತ್ತಾರೆ. ಜ್ವರ ಬಂದರೆ ಆಂಟಿಗೇ ಫೋನ್ ಮಾಡುತ್ತಾರೆ, ಆಂಟಿ ತಮ್ಮ ಕೈಯಿಂದ ದುಡ್ಡು ಕಳಿಸುತ್ತಾರೆ.

ಒಟ್ಟಾರೆ ಈ ಹೋಮಿಗೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕೊಡುವ ಮನಸ್ಸಿದ್ದವರು ತಿಂಗಳಿಗಿಷ್ಟು ಅಂತ ಸಂಬಳಕ್ಕೆ ಅಥವಾ ಹದಿನೆಂಟು ದಾಟಿದವರ ಬಾಡಿಗೆಗೆ ಎಂದು ಬರೆದೇ ಕೊಡಿ, ರಸೀದಿಯಲ್ಲೂ ಹಾಗೇ ಬರೆಸಿಕೊಳ್ಳಿ. ನೆಂಟರ ಮಗುವನ್ನು ಬಿಡಲು ಯೋಚಿಸುತ್ತಿರುವವರು ಮೊದಲು ಆಂಟಿಯ ಹತ್ತಿರ ಕೂತು ಮಾತಾಡಿ. ನೀವೇ ಸಾಕಿಕೊಳ್ಳಲು ಏನು ಸಹಾಯ ಬೇಕು ಅಂತ ಅವರೇ ಕೇಳುತ್ತಾರೆ, ಸಂಕೋಚಪಡದೆ ಹೇಳಿ.