ಕರೆದೊಯ್ದವರು ಹೇಗೆ ಕರೆತಂದರು: ಒಂದು ನೇಪಾಳ ಸೇವಾ ಪ್ರವಾಸದ ವಿಮರ್ಶೆ

ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳ ಕ್ರೈಸ್ತ ಸಭೆಗಳಿಗೆ (ಚರ್ಚುಗಳಿಗೆ) ಸೇರಿದ ಕಾಲೇಜು ವಿದ್ಯಾರ್ಥಿಗಳನ್ನು ಬೇಸಿಗೆ ರಜೆಯಲ್ಲಿ ನೇಪಾಳದ ಪಾಲ್ಪಾ ಜಿಲ್ಲೆಗೆ ಸೇವಾ ಪ್ರವಾಸಕ್ಕೆ ಕರೆದೊಯ್ಯುವ ಆಯೋಜಕರ ವ್ಯವಸ್ಥೆಯನ್ನು, ಮಗಳನ್ನು ಅವರೊಂದಿಗೆ ಕಳಿಸಿದ ತಾಯಿಯಾಗಿ ಇಲ್ಲಿ ವಿಮರ್ಶಿಸುತ್ತಿದ್ದೇನೆ. ಸಂಸ್ಥೆಯ ಹೆಸರನ್ನು ಬರೆಯುವುದಿಲ್ಲ. ಕೊರತೆಗಳನ್ನು ಅವರಿಗೆ ಪತ್ರದಲ್ಲಿಯೇ ತಿಳಿಸಿದ್ದೇನೆ. ಇಂಥ ಪ್ರವಾಸಗಳನ್ನು ನಡೆಸುವ ಉಳಿದವರನ್ನೂ ಇದೇ ಅಳತೆಯಿಂದ ನೋಡಬೇಕೆಂಬುದು ನನ್ನ ಉದ್ದೇಶ. ಆ ಅಳತೆ ಯಾವುದೆಂದರೆ, ಮಕ್ಕಳು ಮರಳಿ ಬರುವ ಹಾದಿ. ಕರಪತ್ರದಲ್ಲಿ ಹೊರಡುವ ಪ್ರಾರ್ಥನೆ, ಅಲ್ಲಿಯ ಕೆಲಸ, ಗುಡ್ಡದ ನೋಟ ಇವೆಲ್ಲಕ್ಕೂ ಪುಟಗಟ್ಟಲೆ ವಿವರಣೆ ಇತ್ತು. ಹಿಂದಿರುಗುವುದರ ಬಗ್ಗೆ ಇದ್ದದ್ದು ‘ನಂತರ ಊರಿಗೆ ಪ್ರಯಾಣ’ ಎಂಬ ಒಂದೇ ಸಾಲು. ತಂದೆ-ತಾಯಿಗಳ ನಿದ್ದೆ ಕೆಡುವುದು ಆ ಸಾಲಿನಲ್ಲಿಯೇ.

ಅಲ್ಲಿ ನಡೆದ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗುಡ್ಡದ ಮೇಲಿನ ಶಾಲೆಯೊಂದಕ್ಕೆ ಬಣ್ಣ ಬಳಿಯುವುದು, ಶೌಚಾಲಯದ ಗೋಡೆಗೆ ಕಲ್ಲು ಹೊರುವುದು, ಸಂಜೆ ಮಕ್ಕಳಿಗೆ ಆಟ-ಪಾಠ, ಇಷ್ಟೇ. ಅದೇ ಜಿಲ್ಲೆಯ ತಾನ್ಸೇನ್ ಪಟ್ಟಣದಲ್ಲಿ ಯುನೈಟೆಡ್ ಮಿಶನ್ ಟು ನೇಪಾಳ ಎಂಬ ಕ್ರೈಸ್ತ ಸೇವಾ ಸಂಸ್ಥೆಯ ಹಳೆಯ ಆಸ್ಪತ್ರೆ ಇದೆ. ಆ ಸಂಸ್ಥೆ ಆ ದೇಶಕ್ಕೆ ಕಾಲಿಟ್ಟದ್ದು 1954ರಲ್ಲಿ. ತಂಡದಲ್ಲಿದ್ದ ನರ್ಸಿಂಗ್ ವಿದ್ಯಾರ್ಥಿನಿಯರು ಅದನ್ನು ನೋಡಿ ಬಂದರು, ಆದರೆ ರೋಗಿಗಳನ್ನು ಮುಟ್ಟಲು ಆಯೋಜಕರು ಬಿಡಲಿಲ್ಲ. ಇನ್ನೂ ಓದುತ್ತಿರುವವರು ಪರದೇಶದಲ್ಲಿ ಸೂಜಿ ಹಿಡಿಯುವುದನ್ನು ಸೇವೆ ಎಂದು ಕರೆಯದಿದ್ದುದಕ್ಕೆ ಅವರಿಗೆ ಪೂರ್ಣ ಅಂಕ ಕೊಡುತ್ತೇನೆ.

ಕಾಗದಪತ್ರಗಳ ವಿಷಯದಲ್ಲಂತೂ ಅವರನ್ನು ಮೀರಿಸುವವರು ಸಿಗುವುದು ಕಷ್ಟ. ನೇಪಾಳಕ್ಕೆ ಹೋಗಲು ಭಾರತೀಯರಿಗೆ ವೀಸಾ ಬೇಕಿಲ್ಲ ಎಂಬುದು ಎಲ್ಲರಿಗೂ ಗೊತ್ತಿದೆ. ಆದ್ದರಿಂದ ಆಧಾರ್ ಕಾರ್ಡ್ ಇದ್ದರೆ ಸಾಕು ಎಂದು ನಮ್ಮಲ್ಲಿ ಬಹಳಷ್ಟು ಜನ ತಿಳಿದಿದ್ದಾರೆ. ಹದಿನೈದು ವರ್ಷದೊಳಗಿನ ಮತ್ತು ಅರವತ್ತೈದು ದಾಟಿದವರನ್ನು ಬಿಟ್ಟರೆ ಉಳಿದವರಿಗೆ ಆಧಾರ್ ನಡೆಯುವುದಿಲ್ಲವೆಂದು ಕೇಂದ್ರ ಗೃಹ ಸಚಿವಾಲಯ ಹಿಂದೆಯೇ ಸ್ಪಷ್ಟಪಡಿಸಿದೆ. ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಗುರುತಿನ ಚೀಟಿ ಬೇಕು, ಹದಿನೈದರಿಂದ ಹದಿನೆಂಟರ ನಡುವಿನವರಿಗೆ ಶಾಲೆ ಅಥವಾ ಕಾಲೇಜಿನ ಪ್ರಾಂಶುಪಾಲರು ನಿಗದಿತ ನಮೂನೆಯಲ್ಲಿ ಕೊಟ್ಟ ಗುರುತಿನ ಪತ್ರ ಬೇಕು. ಆಗಷ್ಟೇ ಹದಿನೆಂಟು ತುಂಬಿ, ಮತದಾರರ ಪಟ್ಟಿಯಲ್ಲಿ ಇನ್ನೂ ಹೆಸರು ಬಾರದ ಹುಡುಗ-ಹುಡುಗಿಯರು ಎರಡರ ನಡುವೆ ಸಿಕ್ಕಿಬೀಳುತ್ತಾರೆ. ಆಯೋಜಕರು ಇದನ್ನು ಜನವರಿಯಲ್ಲಿಯೇ ಹೇಳಿ, ಬೆಳಗಾವಿಯ ಕ್ಯಾಂಪ್ ಪ್ರದೇಶದ ಪ್ರಧಾನ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಅರ್ಜಿ ಹಾಕಿಸಿದರು. ಶುಲ್ಕ 1500 ರೂಪಾಯಿ. ಪೊಲೀಸ್ ಪರಿಶೀಲನೆಗೆ ಹಳ್ಳಿಯ ವಿಳಾಸ ಮತ್ತು ಹಾಸ್ಟೆಲ್ ವಿಳಾಸ ಹೊಂದದೆ ಕೆಲವರಿಗೆ ಓಡಾಟವಾಯಿತು. ಆದರೆ ಮರಳುವಾಗ ಸೋನೌಲಿ ಗಡಿಯಲ್ಲಿ ತಪಾಸಣೆಗೆ ನಿಲ್ಲಿಸಿದಾಗ ನಮ್ಮ ತಂಡದ ಒಬ್ಬರಿಗೂ ತೊಂದರೆಯಾಗಲಿಲ್ಲ. ಪ್ರತಿಯೊಬ್ಬರ ದಾಖಲೆಯ ನಕಲು ಮುಖಂಡರ ಬಳಿ ಒಂದು, ಮನೆಯವರ ಬಳಿ ಒಂದು ಇತ್ತು. ಅಂದಹಾಗೆ, ಗಡಿಯಲ್ಲಿ ಬೆಲೆಯಿಲ್ಲದ ಅದೇ ಆಧಾರ್ ಕಾರ್ಡು ಬೆಳಗಾವಿ ಬಸ್ ನಿಲ್ದಾಣಕ್ಕೆ ಬಂದೊಡನೆ ಹುಡುಗಿಯರನ್ನು ಶಕ್ತಿ ಯೋಜನೆಯಲ್ಲಿ ಹಣವಿಲ್ಲದೆ ಜಮಖಂಡಿ, ಬಾಗಲಕೋಟೆಯವರೆಗೆ ತಲುಪಿಸಿತು.

ತಾನ್ಸೇನ್‌ನಿಂದ ಗಡಿಗೆ ಇಳಿಯುವ ದಾರಿಯ ಬಗ್ಗೆಯೂ ಅವರ ಲೆಕ್ಕಾಚಾರ ಸರಿಯಾಗಿತ್ತು. ಬುಟ್ವಲ್ ಪಟ್ಟಣಕ್ಕೆ ಸ್ವಲ್ಪ ಮೊದಲು ಸಿದ್ಧಬಾಬಾ ಎಂಬಲ್ಲಿ ಮಳೆ ಬಿದ್ದಾಗ ಗುಡ್ಡದಿಂದ ಕಲ್ಲುಗಳು ರಸ್ತೆಗೆ ಉರುಳುತ್ತವೆ. ಅಲ್ಲಿ ಸುರಂಗ ಮಾರ್ಗವನ್ನು ಕೊರೆಯಬೇಕಾಗಿ ಬಂದಿರುವುದೂ ಅದೇ ಕಾರಣಕ್ಕೆ. ಮುಂಗಾರಿಗೆ ಮೊದಲೇ, ಮೇ ತಿಂಗಳು ಮುಗಿಯುವುದರೊಳಗೆ, ಅದೂ ಹಗಲು ಹೊತ್ತಿನಲ್ಲಿ ಆ ಜಾಗ ದಾಟುವಂತೆ ದಿನ ಗೊತ್ತುಮಾಡಿದ್ದರು. ಕೈಗಡಿಯಾರದ ಸಣ್ಣ ವಿಷಯವನ್ನೂ ಮರೆತಿರಲಿಲ್ಲ. ನೇಪಾಳದ ಸಮಯ ನಮಗಿಂತ ಹದಿನೈದು ನಿಮಿಷ ಮುಂದಿರುತ್ತದೆ. ಆದ್ದರಿಂದ ಮರಳುವ ದಿನದ ಎಲ್ಲ ಸಮಯವನ್ನೂ ಭಾರತದ ಗಡಿಯಾರದಂತೆಯೇ ಬರೆದುಕೊಟ್ಟಿದ್ದರು.

ಗಡಿ ದಾಟಿದ ಮೇಲೆ ಆ ಜಾಗರೂಕತೆ ಎಲ್ಲಿ ಹೋಯಿತೋ ತಿಳಿಯದು. ಗೋರಖ್‌ಪುರದಿಂದ ರಾತ್ರಿ ರೈಲು, ಮುಂಜಾನೆ ದೆಹಲಿ, ಅಲ್ಲಿಂದ ಮಧ್ಯಾಹ್ನ ಹಜರತ್ ನಿಜಾಮುದ್ದೀನ್ ನಿಲ್ದಾಣದಲ್ಲಿ ಗೋವಾ ಎಕ್ಸ್‌ಪ್ರೆಸ್ ಹಿಡಿದು ನೇರ ಬೆಳಗಾವಿ, ಹೀಗೆ ದಾರಿಯೇನೋ ಸರಿಯಾದದ್ದೇ. ಭೋಪಾಲ, ಮನ್ಮಾಡ, ಪುಣೆ, ಮಿರಜದ ಮೇಲೆ ಬರುವ ಆ ಗಾಡಿಗಿಂತ ಅನುಕೂಲವಾದದ್ದು ನಮ್ಮೂರಿನವರಿಗೆ ಇನ್ನೊಂದಿಲ್ಲ. ಆದರೆ ಟಿಕೆಟ್ ತೆಗೆಸುವಲ್ಲಿ ತಡಮಾಡಿದರು. 2024ರ ನವೆಂಬರ್‌ನಿಂದ ರೈಲ್ವೆಯ ಮುಂಗಡ ಕಾಯ್ದಿರಿಸುವ ಅವಧಿ 120 ದಿನದಿಂದ 60 ದಿನಕ್ಕೆ ಇಳಿದಿದೆ. ಮೇ ಕೊನೆಯ ವಾರದ ಗಾಡಿಗೆ ಮಾರ್ಚ್ ಕೊನೆಯಲ್ಲಿ ಕಿಟಕಿ ತೆರೆದ ದಿನವೇ ಸಾಲಿನಲ್ಲಿ ನಿಲ್ಲಬೇಕಿತ್ತು. ಒಂದು ಅರ್ಜಿಯಲ್ಲಿ ಆರು ಜನರಿಗಷ್ಟೇ ಅವಕಾಶವಿರುವುದರಿಂದ ದೊಡ್ಡ ತಂಡಕ್ಕೆ ಹಲವು ಅರ್ಜಿ ಬೇಕಾಗುತ್ತವೆ. ಹೋಗುವ ಟಿಕೆಟ್‌ಗೆ ಇದನ್ನೆಲ್ಲ ಶಿಸ್ತಾಗಿ ಮಾಡಿದವರು ಬರುವ ಟಿಕೆಟ್‌ಗೆ ವಾರಗಟ್ಟಲೆ ಸುಮ್ಮನಿದ್ದರು. ಫಲವೇನಾಯಿತೆಂದರೆ, ತಂಡ ಮೂರು ಬೋಗಿಗಳಲ್ಲಿ ಹಂಚಿಹೋಯಿತು, ಕೆಲವರದು ಆರ್‌ಎಸಿ, ಅಂದರೆ ಒಂದೇ ಬರ್ತಿನಲ್ಲಿ ಇಬ್ಬರು. ನನ್ನ ಮಗಳು ಮತ್ತು ಮುಧೋಳದ ಒಬ್ಬ ಹುಡುಗಿ ಪಕ್ಕದ ಕೆಳ ಬರ್ತಿನಲ್ಲಿ ಎದುರುಬದುರು ಕಾಲು ಮಡಚಿಕೊಂಡು ಎರಡು ರಾತ್ರಿಯ ಪ್ರಯಾಣ ಮುಗಿಸಿದರು. ಮುಖಂಡರೊಬ್ಬರು ಪ್ರತಿ ದೊಡ್ಡ ನಿಲ್ದಾಣದಲ್ಲಿಯೂ ಇಳಿದು ಬೋಗಿಯಿಂದ ಬೋಗಿಗೆ ಬಂದು ತಲೆ ಎಣಿಸಿದರಂತೆ, ಅದು ಅವರ ಒಳ್ಳೆಯತನ; ವ್ಯವಸ್ಥೆಯ ಲೋಪವನ್ನು ಒಬ್ಬರ ಕಾಲುಗಳು ತುಂಬಬೇಕಾಯಿತು.

ಇದಕ್ಕಿಂತ ಹೆಚ್ಚಿನ ದೂರು ದೆಹಲಿಯದು. ಮುಂಜಾನೆಯಿಂದ ಮಧ್ಯಾಹ್ನದವರೆಗೆ ಮಕ್ಕಳಿಗೆ ತಂಗಲು ಜಾಗ ಗೊತ್ತುಮಾಡಿರಲಿಲ್ಲ. ಮೇ ತಿಂಗಳ ದೆಹಲಿಯ ಬಿಸಿಲನ್ನು ಕಂಡವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಗುಡ್ಡದ ತಂಪಿನಲ್ಲಿ ದಿನ ಕಳೆದು ಬಂದವರು ಪ್ಲಾಟ್‌ಫಾರ್ಮಿನ ಮೇಲೆ ಚೀಲಗಳನ್ನು ಗುಡ್ಡೆ ಹಾಕಿ, ಸರದಿಯಂತೆ ಕಾವಲು ಕುಳಿತು, ನೀರಿನ ಬಾಟಲಿಯನ್ನು ತಲೆಗೆ ಸುರಿದುಕೊಳ್ಳುತ್ತ ಹೊತ್ತು ಕಳೆದಿದ್ದಾರೆ. ತಂಡದ ಒಬ್ಬ ಹುಡುಗ ಎರಡು ಬಾರಿ ವಾಂತಿ ಮಾಡಿಕೊಂಡ. ಜೈಸಿಂಗ್ ರಸ್ತೆಯಲ್ಲಿ ವೈಎಂಸಿಎ ವಸತಿಗೃಹವಿದೆ, ನಿಲ್ದಾಣಗಳಲ್ಲಿ ರೈಲ್ವೆಯ ವಿಶ್ರಾಂತಿ ಕೊಠಡಿಗಳಿವೆ, ದೆಹಲಿಯಲ್ಲಿ ಸಭೆಗಳಿಗೇನೂ ಬರವಿಲ್ಲ. ಮುಂಚಿತವಾಗಿ ಒಂದು ಫೋನ್ ಮಾಡಿದ್ದರೆ ಯಾರಾದರೂ ಒಂದು ಸಭಾಂಗಣದ ಬಾಗಿಲು ತೆರೆಯುತ್ತಿದ್ದರು. ಪ್ರಶ್ನಿಸಿದಾಗ ‘ಮಿಶನ್ ಅಂದಮೇಲೆ ಸ್ವಲ್ಪ ಕಷ್ಟ ಇದ್ದೇ ಇರುತ್ತದೆ’ ಎಂಬ ಉತ್ತರ ಬಂತು. ಕಲ್ಲು ಹೊತ್ತ ಕಷ್ಟ ಸೇವೆಯದು, ಅದನ್ನು ನಾವು ಒಪ್ಪಿಯೇ ಕಳಿಸಿದ್ದೆವು. ಒಂದು ಕೋಣೆಯನ್ನು ಕಾಯ್ದಿರಿಸದಿದ್ದುದು ಯಾವ ಸೇವೆ ಎಂಬುದು ನನಗೆ ಇನ್ನೂ ತಿಳಿದಿಲ್ಲ.

ನಡುರಾತ್ರಿ ಬೆಳಗಾವಿಗೆ ಗಾಡಿ ಬಂದ ಮೇಲೆ ಮತ್ತೆ ಹಳೆಯ ಶಿಸ್ತು ಕಾಣಿಸಿತು. 2023ರಲ್ಲಿ ಉದ್ಘಾಟನೆಯಾದ ಹೊಸ ನಿಲ್ದಾಣದ ಮುಂಭಾಗದಲ್ಲಿ ಸಭೆಯ ಹಿರಿಯರು ಪಟ್ಟಿ ಹಿಡಿದು ನಿಂತಿದ್ದರು; ಮನೆಯವರು ಬಂದು ಸಹಿ ಹಾಕಿದ ಹೊರತು ಯಾರನ್ನೂ ಬಿಡಲಿಲ್ಲ, ‘ನಮ್ಮನಿ ಇಲ್ಲೇ ಶಹಾಪುರದಾಗ ಐತ್ರೀ, ಆಟೋದಾಗ ಹೋಗ್ತೇನಿ’ ಎಂದವನನ್ನೂ ಬಿಡಲಿಲ್ಲ. ದೂರದ ಊರಿನವರನ್ನು ಚರ್ಚಿನ ಸಭಾಂಗಣಕ್ಕೆ ಕರೆದೊಯ್ದು, ಹಾಸಿಗೆ ಕೊಟ್ಟು, ಬೆಳಿಗ್ಗೆ ಉಪ್ಪಿಟ್ಟು-ಚಹಾ ಮಾಡಿಸಿ, ಮೊದಲ ಬಸ್ಸುಗಳಿಗೆ ತಾವೇ ಹತ್ತಿಸಿದರು. ಈ ಜನರಿಗೆ ಇಷ್ಟು ಬರುತ್ತದೆಂದಾದರೆ ದೆಹಲಿಯಲ್ಲಿ ಏಕೆ ಬರಲಿಲ್ಲ ಎಂಬ ಸಿಟ್ಟು ಅದರಿಂದಲೇ ಹೆಚ್ಚಾಯಿತೆನ್ನಬೇಕು.

ಮನೆ ತಲುಪಿಸಿದಲ್ಲಿಗೆ ಆಯೋಜಕರ ಹೊಣೆ ಮುಗಿಯುವುದಿಲ್ಲವೆಂದು ನಾನು ಭಾವಿಸುತ್ತೇನೆ, ಈ ಸಂಸ್ಥೆಯೂ ಅರ್ಧದಷ್ಟು ಹಾಗೆಯೇ ಭಾವಿಸಿದೆ. ಪ್ರತಿ ವಿದ್ಯಾರ್ಥಿಯ ಕೈಗೆ ಅವರು ಒಂದು ದಪ್ಪ ಕಾಗದದ ಚೀಟಿ ಕೊಟ್ಟಿದ್ದರು: ಯಾವ ಜಿಲ್ಲೆಯಲ್ಲಿ ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಇದ್ದರು, ಕುಡಿದ ನೀರು ಯಾವುದು, ತೆಗೆದುಕೊಂಡ ಲಸಿಕೆಗಳು ಯಾವುವು, ಮುಂದಿನ ಒಂದು ತಿಂಗಳಲ್ಲಿ ಜ್ವರ ಬಂದರೆ ಈ ಚೀಟಿಯನ್ನು ವೈದ್ಯರಿಗೆ ತೋರಿಸಬೇಕು. ವಿಷಮಶೀತ ಜ್ವರ ಸೋಂಕು ತಗುಲಿದ ಒಂದರಿಂದ ಮೂರು ವಾರಗಳ ನಂತರ ತಲೆಯೆತ್ತುವುದು ಸಾಮಾನ್ಯ. ಅಷ್ಟರಲ್ಲಿ ಹುಡುಗರು ಪ್ರವಾಸವನ್ನೇ ಮರೆತು, ಬಿಸಿಲಿಗೆ ಬಂದ ಜ್ವರವೆಂದು ಮಾತ್ರೆ ನುಂಗಿ ಮಲಗುತ್ತಾರೆ. ನನ್ನ ಮಗಳ ಗೆಳತಿಗೆ ಹಾಗೆ ಜ್ವರ ಬಂದಾಗ ಚೀಟಿ ನೋಡಿದ ವೈದ್ಯರು ತಡಮಾಡದೆ ರಕ್ತದ ಕಲ್ಚರ್ ಪರೀಕ್ಷೆಗೆ ಕಳಿಸಿದರು. ಇಡೀ ಪ್ರವಾಸದಲ್ಲಿ ಖರ್ಚು ಅತಿ ಕಡಿಮೆ, ಉಪಯೋಗ ಅತಿ ಹೆಚ್ಚು ಇದ್ದದ್ದು ಆ ಚೀಟಿಗೇ.

ಉಳಿದರ್ಧ ಬೇಸರದ್ದು. ಮಕ್ಕಳು ಬಂದಿಳಿದ ಮೊದಲ ಭಾನುವಾರವೇ ಕೃತಜ್ಞತಾ ಆರಾಧನೆ ಇಟ್ಟು, ಒಬ್ಬೊಬ್ಬರನ್ನಾಗಿ ಮೈಕಿನ ಮುಂದೆ ನಿಲ್ಲಿಸಿ ಸಾಕ್ಷಿ, ಅಂದರೆ ತಮ್ಮ ಅನುಭವ, ಹೇಳಿಸಿದರು. ನಿದ್ದೆಯ ಬಾಕಿಯೇ ತೀರಿರಲಿಲ್ಲ. ಏನನ್ನು ಕಂಡೆವೆಂದು ತಮಗೇ ಇನ್ನೂ ಹೊಂದಿಸಿಕೊಳ್ಳಲಾಗದ ಹುಡುಗರು ಹಿಂದಿನ ತಂಡದವರು ಹೇಳಿದ್ದ ಮಾತುಗಳನ್ನೇ ಹೇಳಿ ಕೆಳಗಿಳಿದರು. ನನ್ನ ಮಗಳು ಮನೆಯಲ್ಲಿ ಆಡಿದ ಮಾತುಗಳು ಬೇರೆಯೇ ಇದ್ದವು. ನೇಪಾಳದಲ್ಲಿ ವಾರದ ರಜೆ ಶನಿವಾರ, ಸಭೆಗಳು ಆರಾಧನೆಗೆ ಸೇರುವುದೂ ಹೆಚ್ಚಾಗಿ ಅಂದೇ. ಬಂದ ಮೇಲಿನ ಶನಿವಾರ ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತ ಕುಳಿತವಳು, ‘ಅವ್ವಾ, ಈಗ ಅಲ್ಲಿ ಎಲ್ಲಾರೂ ಚಪ್ಲಿ ಹೊರಗ ಬಿಟ್ಟು ಚಾಪಿ ಮ್ಯಾಲ ಕುಂತಿರ್ತಾರ ನೋಡು. ನಾವು ಬಣ್ಣಾ ಹಚ್ಚಿದ ಗ್ವಾಡಿ ಅವರss ಹಚ್ಕೋಬಹುದಿತ್ತು, ನಮಗ ಊಟಾ ಹಾಕಿದ್ದss ಅವರಿಗೆ ಜಾಸ್ತಿ ಖರ್ಚಾತು ಅನಸ್ತೈತಿ’ ಎಂದಳು. ಇಂಥ ಮಾತು ಮೈಕಿನ ಮುಂದೆ ಬರುವುದಿಲ್ಲ. ಎರಡು-ಮೂರು ವಾರ ಬಿಟ್ಟು, ತಂಡದವರಷ್ಟೇ ಕುಳಿತು ಮಾತಾಡುವ ಒಂದು ಸಂಜೆಯನ್ನು ಆಯೋಜಕರು ಮೊದಲು ಇಡಬೇಕಿತ್ತು; ಸಾಕ್ಷಿಯ ಆರಾಧನೆ ಜೂನ್ ಕೊನೆಗಾದರೆ ಯಾರಿಗೂ ನಷ್ಟವಿರಲಿಲ್ಲ. ಲಂಡನ್ ಮಿಶನರಿ ಸೊಸೈಟಿಯ ಜೋಸೆಫ್ ಟೇಲರ್ 1820ರಲ್ಲಿ ಬೆಳಗಾವಿಗೆ ಬಂದಾಗಿನಿಂದ ಹೊರಗಿನವರು ಬಂದು ಸೇವೆ ಮಾಡುವುದನ್ನು ಈ ಊರು ನೋಡಿದೆ. ಉಣ್ಣಿಸಿದವರ ಕಡೆಯ ಮಾತು ಏನಿರುತ್ತದೆಂದು ನಮಗಾದರೂ ತಿಳಿದಿರಬೇಕಲ್ಲವೇ?

ಆ ಆರಾಧನೆಯಲ್ಲಿಯೇ ಪರದೆಯ ಮೇಲೆ ತೋರಿಸಿದ ಚಿತ್ರಗಳ ಬಗ್ಗೆ ನನ್ನ ಆಕ್ಷೇಪ ಇನ್ನೂ ಗಂಭೀರವಾದದ್ದು. 2015ರ ನೇಪಾಳ ಸಂವಿಧಾನದ 26ನೇ ವಿಧಿ ಇನ್ನೊಬ್ಬರನ್ನು ಮತಾಂತರಿಸುವುದನ್ನು ನಿಷೇಧಿಸುತ್ತದೆ. 2018ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ದಂಡ ಸಂಹಿತೆಯ 158ನೇ ಕಲಮಿನಲ್ಲಿ ಅದಕ್ಕೆ ಐದು ವರ್ಷದವರೆಗೆ ಸೆರೆವಾಸ, 50,000 ರೂಪಾಯಿವರೆಗೆ ದಂಡವಿದೆ. ಅಪರಾಧಿ ವಿದೇಶಿಯಾದರೆ ಶಿಕ್ಷೆ ಮುಗಿದ ಏಳು ದಿನಗಳೊಳಗೆ ದೇಶದಿಂದ ಹೊರಹಾಕುತ್ತಾರೆ. ಹೊರಡುವ ಮುನ್ನ ಆಯೋಜಕರು ಇದನ್ನು ಮಕ್ಕಳಿಗೆ ಚೆನ್ನಾಗಿಯೇ ಮನದಟ್ಟು ಮಾಡಿಸಿದ್ದರು, ಯಾರೂ ಒಂದು ಕರಪತ್ರವನ್ನೂ ಒಯ್ಯಲಿಲ್ಲ, ಮಾಡಿದ್ದು ಗೋಡೆ ಮತ್ತು ಪಾಠದ ಕೆಲಸವನ್ನೇ. ಆದರೆ ಬಂದ ಮೇಲೆ ಫೋಟೋಗಳಿಗೆ ಯಾವ ಅಂಕೆಯೂ ಇರಲಿಲ್ಲ. ಅಲ್ಲಿಯ ಮಕ್ಕಳ ಮುಖ, ಹಳ್ಳಿಯ ಹೆಸರು, ಪ್ರಾರ್ಥನೆಗೆ ಕೈಜೋಡಿಸಿ ನಿಂತ ಮನೆಯವರು, ಎಲ್ಲವೂ ಪರದೆಯ ಮೇಲೆ ಬಂದವು, ಅದೇ ಸಂಜೆ ಹುಡುಗರ ವಾಟ್ಸಾಪ್ ಸ್ಟೇಟಸ್ಸಿನಲ್ಲಿಯೂ ಬಂದವು, ಜೊತೆಗೆ ‘ಸುವಾರ್ತೆಗಾಗಿ’ (ಯೇಸುವಿನ ಸಂದೇಶಕ್ಕಾಗಿ) ಎಂಬ ಒಕ್ಕಣೆ ಬೇರೆ. ನಮ್ಮವರು ಮನೆಗೆ ಬಂದು ಸುರಕ್ಷಿತವಾಗಿದ್ದಾರೆ. ಆ ಒಕ್ಕಣೆಯ ಬಿಸಿ ತಟ್ಟುವುದು ಅಲ್ಲಿಯೇ ಉಳಿದವರಿಗೆ. ಕಾಣಿಕೆಯ ಹೊತ್ತಿನಲ್ಲಿ ಹರಕು ಅಂಗಿಯ ಒಂದು ಮಗುವಿನ ಚಿತ್ರವನ್ನು ನಿಲ್ಲಿಸಿಟ್ಟದ್ದನ್ನು ನೋಡಿ ನನಗೆ ನಾಚಿಕೆಯಾಯಿತು. ಆ ಮಗುವಿನ ತಾಯಿಯನ್ನು ಕೇಳಿ ತೆಗೆದದ್ದೇ ಎಂದು ವಿಚಾರಿಸಿದೆ, ಯಾರೂ ಹೂಂ ಎನ್ನಲಿಲ್ಲ. ಪತ್ರ ತಲುಪಿದ ಮೇಲೆ ಸಂಸ್ಥೆಯ ಪುಟದಿಂದ ಕೆಲವು ಚಿತ್ರಗಳನ್ನು ತೆಗೆದಿದ್ದಾರೆ, ಪೂರ್ತಿ ತೆಗೆದಿಲ್ಲ.

ಪಡೆದ ಹಣದ ಲೆಕ್ಕ ಚೊಕ್ಕವಾಗಿತ್ತು, ಉಳಿದದ್ದನ್ನು ಹಿಂದಿರುಗಿಸಿದರು. ಆ ಹಣದಲ್ಲಿ ದೆಹಲಿಯ ಎರಡು ಕೋಣೆಗಳ ಬಾಡಿಗೆ ಧಾರಾಳವಾಗಿ ಹುಟ್ಟುತ್ತಿತ್ತು.

ಐದಕ್ಕೆ ಮೂರು ನಕ್ಷತ್ರ ಕೊಡುತ್ತೇನೆ. ಮಗನನ್ನೂ ಇವರೊಂದಿಗೇ ಕಳಿಸಲು ಮನಸ್ಸಿದೆ, ಆದರೆ ಮರಳುವ ಟಿಕೆಟ್ ಖಚಿತವಾದುದನ್ನು, ದೆಹಲಿಯಲ್ಲಿ ತಂಗುವ ವಿಳಾಸವನ್ನು ಮತ್ತು ಫೋಟೋಗಳ ಬಗ್ಗೆ ಲಿಖಿತ ನಿಯಮವನ್ನು ಕಣ್ಣಾರೆ ಕಂಡ ಮೇಲೆಯೇ ಮುಂಗಡ ಕೊಡುವುದು. ಮುಂದಿನ ತಂಡವನ್ನು ದಸರಾ ರಜೆಯಲ್ಲಿ ಒಯ್ಯುವ ಮಾತು ನಡೆದಿದೆಯಂತೆ. ನೇಪಾಳದಲ್ಲಿ ಅದು ದಶೈನ್ ಹಬ್ಬದ ಕಾಲ. ಭಾರತದಲ್ಲಿ ದುಡಿಯುವ ನೇಪಾಳಿಗಳೆಲ್ಲ ಊರಿಗೆ ಹೋಗಿಬರುವುದು ಆಗಲೇ ಆದ್ದರಿಂದ ಸೋನೌಲಿಯ ಬಸ್ಸುಗಳಲ್ಲಿ, ಗೋರಖ್‌ಪುರದ ರೈಲುಗಳಲ್ಲಿ ನಿಲ್ಲಲೂ ಜಾಗವಿರುವುದಿಲ್ಲ. ಮಕ್ಕಳನ್ನು ಕಳಿಸುವವರು ಮರಳುವ ದಿನಾಂಕ ಯಾವುದೆಂದು ಆಯೋಜಕರನ್ನು ಈಗಲೇ ಕೇಳುವುದು ಒಳ್ಳೆಯದು.