ವಿನೈಲ್ ಸೈಡಿಂಗ್ ಮೇಲೆ ಕಿಟಕಿಗೆ ಹಲಗೆ ಹೊಡೆಸುವ ಮೊದಲು ಇದನ್ನು ಓದಿ

ನಿಮ್ಮ ಮನೆಗೆ ವಿನೈಲ್ ಸೈಡಿಂಗ್ (ಹೊರಗೋಡೆಗೆ ಹೊದಿಸುವ ಪ್ಲಾಸ್ಟಿಕ್ ಪಟ್ಟಿಗಳು) ಇದ್ದು, ಯಾರಾದರೂ ಬಂದು "ಸೈಡಿಂಗ್ ಬಿಚ್ಚುವುದೇ ಬೇಡ, ಅದರ ಮೇಲೆಯೇ ಹಲಗೆ ಹೊಡೆದು ಕಿಟಕಿಗೆ ಅಗಲವಾದ ಚೌಕಟ್ಟು ಮಾಡಿಕೊಡುತ್ತೇನೆ" ಎಂದರೆ ದಯವಿಟ್ಟು ಒಪ್ಪಬೇಡಿ. ನಾನು ಒಪ್ಪಿದೆ. 3,800 ಡಾಲರ್ ಕೊಟ್ಟು ಮಾಡಿಸಿದ ಆ ಕೆಲಸವನ್ನು ಕಿತ್ತು ಗೋಡೆ ಸರಿಪಡಿಸಲು ಇದುವರೆಗೆ 9,000 ಡಾಲರಿಗೂ ಹೆಚ್ಚು ಹೋಗಿದೆ, ಇನ್ನೂ ಮುಗಿದಿಲ್ಲ. ಅಮೆರಿಕದಲ್ಲಿ ಮನೆ ಕೊಂಡ ನಮ್ಮವರಲ್ಲಿ ಅನೇಕರು ಇಂಥ ಮನೆಗಳಲ್ಲೇ ಇದ್ದಾರೆ. ಅವರಿಗಾಗಿ ಬರೆಯುತ್ತಿದ್ದೇನೆ.

ನಮ್ಮದು ನ್ಯೂಜೆರ್ಸಿಯಲ್ಲಿ 1980ರ ದಶಕದಲ್ಲಿ ಕಟ್ಟಿದ ಎರಡಂತಸ್ತಿನ ಮನೆ. ತಿಳಿ ಬೂದು ಬಣ್ಣದ ಸೈಡಿಂಗ್, ಹನ್ನೊಂದು ಕಿಟಕಿಗಳು. ಪ್ರತಿ ಕಿಟಕಿಯ ಸುತ್ತ ಬೆರಳಗಲದ ಬಿಳಿ ಪಟ್ಟಿ ಮಾತ್ರ. ಅದಕ್ಕೆ ಜೆ-ಚಾನೆಲ್ ಎನ್ನುತ್ತಾರೆ. ಸೈಡಿಂಗಿನ ತುದಿಗಳು ಅದರೊಳಗೆ ಸೇರಿಕೊಳ್ಳುತ್ತವೆ. ರಸ್ತೆಯಿಂದ ನೋಡಿದರೆ ಕಾಡಿಗೆ ಹಚ್ಚದ ಕಣ್ಣುಗಳಂತೆ ಕಿಟಕಿಗಳು ಬೋಳುಬೋಳಾಗಿ ಕಾಣುತ್ತಿದ್ದವು. ಮೂರೂವರೆ ಇಂಚು ಅಗಲದ ಬಿಳಿ ಚೌಕಟ್ಟು ಹಾಕಿಸಿದರೆ ಮನೆಯ ಮುಖವೇ ಬದಲಾಗುತ್ತದೆ ಎಂದು ನಮಗೆ ಅನ್ನಿಸಿತ್ತು. ಆ ಆಸೆಯಲ್ಲಿ ತಪ್ಪೇನೂ ಇರಲಿಲ್ಲ ಎಂದು ಈಗಲೂ ಹೇಳುತ್ತೇನೆ. ಮಾಡಿಸಿದ ವಿಧಾನ ತಪ್ಪಾಗಿತ್ತು.

ಪರಿಚಿತರೊಬ್ಬರು ಹೇಳಿದ ಕೆಲಸಗಾರ ಎರಡೇ ದಿನದಲ್ಲಿ ಮುಗಿಸಿದ. ಪಿವಿಸಿ ಹಲಗೆಗಳನ್ನು ಸೈಡಿಂಗಿನ ಮೇಲಿಟ್ಟು ಉದ್ದನೆಯ ಸ್ಕ್ರೂಗಳಿಂದ ಬಿಗಿದ. ನಾಲ್ಕೂ ಅಂಚಿಗೆ ಸಂದು ಮುಚ್ಚುವ ಸೀಲಂಟ್ ಬಳಿದ. ಆಗ ಸಾಗರದಿಂದ ಬಂದಿದ್ದ ಅಮ್ಮ ಹುಲ್ಲಿನ ಮೇಲೆ ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು. "ಕಿಟಕಿಯ ಮೇಲೆ ಸಜ್ಜಾ ಇಲ್ಲ. ನೀರು ಒಳಗೆ ಹೋದರೆ ಹೊರಗೆ ಬರುವುದು ಹೇಗೆ? ಕೆಳಗೂ ಮೆತ್ತಿಬಿಟ್ಟನಲ್ಲ" ಎಂದರು. ನಾನು ಅದನ್ನು ಅವನಿಗೆ ಹೇಳಿದೆ. "ನೀರು ಒಳಗೆ ಹೋಗುವುದೇ ಇಲ್ಲ" ಎಂದ. ಅವನ ಮಾತು ನಂಬಿದೆ.

ವಿನೈಲ್ ಸೈಡಿಂಗ್ ಗೋಡೆಯಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಮಲೆನಾಡಿನಲ್ಲಿ ಮಳೆಗಾಲಕ್ಕೆ ಮಣ್ಣಿನ ಗೋಡೆಗೆ ಅಡ್ಡ ಕಟ್ಟುವ ಸೋಗೆಯ ತಟ್ಟಿ ಇದೆಯಲ್ಲ, ಇದು ಹೆಚ್ಚುಕಡಿಮೆ ಹಾಗೆ. ಮಳೆಯ ಹೊಡೆತ ತಡೆಯುತ್ತದೆ, ಆದರೆ ಗಾಳಿಮಳೆಯಲ್ಲಿ ಒಂದಷ್ಟು ನೀರು ಹಿಂದಕ್ಕೆ ಹೋಗಿಯೇ ಹೋಗುತ್ತದೆ. ಆ ನೀರು ಇಳಿದು ಹೋಗಲೆಂದೇ ಪ್ರತಿ ಪಟ್ಟಿಯ ಕೆಳಗಂಚಿನಲ್ಲಿ ಸಣ್ಣ ತೂತುಗಳಿರುತ್ತವೆ. ನಿಜವಾಗಿ ಮನೆಯನ್ನು ಕಾಯುವುದು ಅದರ ಹಿಂದೆ ಸುತ್ತಿದ ಹೌಸ್‌ವ್ರ್ಯಾಪ್ ಎಂಬ ಹಾಳೆ ಮತ್ತು ಕಿಟಕಿಯ ಸುತ್ತಲಿನ ತಗಡು. ಇನ್ನೊಂದು ವಿಷಯ: ಈ ಪಟ್ಟಿಗಳು ಬಿಸಿಲಿಗೆ ಹಿಗ್ಗಿ, ಚಳಿಗೆ ಕುಗ್ಗುತ್ತವೆ. ಹನ್ನೆರಡು ಅಡಿಯ ಪಟ್ಟಿ ಅರ್ಧ ಇಂಚಿನಷ್ಟು ಓಡಾಡಬಹುದು. ಅದಕ್ಕಾಗಿಯೇ ಮೊಳೆಯನ್ನು ಉದ್ದನೆಯ ಕಿಂಡಿಯ ನಡುವೆ ಹೊಡೆದು, ತಲೆಯ ಕೆಳಗೆ ಸುಮಾರು ಒಂದು ಮಿಲಿಮೀಟರ್ ಸಡಿಲ ಬಿಡುತ್ತಾರೆ. ಪಟ್ಟಿ ಮೊಳೆಗೆ ನೇತಾಡುತ್ತಿರಬೇಕು. ನಮ್ಮ ಕೆಲಸಗಾರ ಪ್ರತಿ ಕಿಟಕಿಯ ಎರಡೂ ಬದಿಯಲ್ಲಿ ಅದನ್ನು ಸ್ಕ್ರೂ ಹಾಕಿ ಗೋಡೆಗೆ ಕಚ್ಚಿಸಿಬಿಟ್ಟಿದ್ದ.

ಜುಲೈ ಬಂತು. ಪಶ್ಚಿಮದ ಗೋಡೆಯಲ್ಲಿ ಎರಡು ಕಿಟಕಿಗಳ ನಡುವಿನ ಪಟ್ಟಿಗಳು ಹಪ್ಪಳದಂತೆ ಅಲೆಅಲೆಯಾಗಿ ಉಬ್ಬಿದವು. ಸಂಜೆ ಬಿಸಿಲು ಇಳಿದಾಗ ಗೋಡೆಯಿಂದ ಟಕ್ ಟಕ್ ಎಂಬ ಸದ್ದು. ಕೆಲಸಗಾರನಿಗೆ ಕರೆ ಮಾಡಿದೆ, ಎರಡು ಸಲ ಎತ್ತಿದ, ಆಮೇಲೆ ಎತ್ತಲಿಲ್ಲ.

ಉಬ್ಬಿದ್ದು ಕಣ್ಣಿಗೆ ಕಂಡ ಹಾನಿ. ಕಾಣದೆ ನಡೆದದ್ದು ಇನ್ನೂ ದೊಡ್ಡದು. ಸೈಡಿಂಗಿನ ಮೈ ಮೆಟ್ಟಿಲು ಮೆಟ್ಟಿಲಾಗಿರುವುದರಿಂದ ಅದರ ಮೇಲಿಟ್ಟ ಹಲಗೆಯ ಹಿಂದೆ ಸಂದುಗಳು ಉಳಿಯುತ್ತವೆ. ಮೇಲಿನ ಹಲಗೆಯ ನೆತ್ತಿಯಲ್ಲಿ ತಗಡಿರಲಿಲ್ಲ, ಸೀಲಂಟ್ ಮಾತ್ರ ಇತ್ತು. ಹಿಗ್ಗುಕುಗ್ಗಿಗೆ ಅದು ಬಿರಿಯಿತು. ಒಳಹೊಕ್ಕ ನೀರಿಗೆ ಕೆಳಗೆ ದಾರಿ ಇರಲಿಲ್ಲ. ಕಿಟಕಿಯ ಚೌಕಟ್ಟಿನಲ್ಲೇ ಇದ್ದ ನೀರು ಹೋಗುವ ಕಿಂಡಿಗಳನ್ನೂ ಅವನು ಮುಚ್ಚಿದ್ದ. ನಿಂತ ನೀರು ಸ್ಕ್ರೂ ತೂತುಗಳ ಮೂಲಕ ಒಳಗಿನ ಹಲಗೆಗೆ ಇಳಿಯಿತು. ಫೆಬ್ರುವರಿಯಲ್ಲಿ ಮಗಳ ಕೋಣೆಯ ಕಿಟಕಿಯ ಕೆಳಗೆ ಚಹಾ ಬಣ್ಣದ ಕಲೆ ಮೂಡಿದಾಗಲೇ ನಮಗೆ ತಿಳಿದದ್ದು. ಗೋಡೆ ಬಿಚ್ಚಿಸಿದೆವು. ಮರದ ಚಕ್ಕೆಗಳನ್ನು ಒತ್ತಿ ಮಾಡಿದ ಆ ಓಎಸ್‌ಬಿ ಹಲಗೆ ನೆನೆಸಿದ ಅವಲಕ್ಕಿಯಂತೆ ಬೆರಳಿಗೆ ಉದುರುತ್ತಿತ್ತು. ಕಪ್ಪು ಬೂಸ್ಟು ಕಟ್ಟಿತ್ತು. ಮಗಳು ಎರಡು ತಿಂಗಳು ನಮ್ಮ ಕೋಣೆಯಲ್ಲೇ ಮಲಗಿದಳು. ದುಡ್ಡಿಗಿಂತ ಅದೇ ನನಗೆ ಹೆಚ್ಚು ನೋವಾದದ್ದು.

ಈಗ ರಿಪೇರಿ ಮಾಡುತ್ತಿರುವ ಬಡಗಿ ಮಾಡುವ ಕ್ರಮ ಹೀಗಿದೆ. ಅಗ್ಗಕ್ಕೆ ಸಿಗುವ ಒಂದು ಕೊಕ್ಕೆಯಂಥ ಉಪಕರಣದಿಂದ ಸೈಡಿಂಗ್ ಪಟ್ಟಿಗಳು ಒಂದಕ್ಕೊಂದು ಕಚ್ಚಿಕೊಂಡ ಅಂಚು ಬಿಡಿಸಿ ಕಿಟಕಿಯ ಸುತ್ತಲಿನ ಪಟ್ಟಿಗಳನ್ನು ಇಳಿಸುತ್ತಾರೆ. ಪಿವಿಸಿ ಹಲಗೆಯನ್ನು ಗೋಡೆಯ ಮೈಗೇ ಕೂರಿಸುತ್ತಾರೆ. ಅದರ ನೆತ್ತಿಗೆ ಮಡಚಿದ ತಗಡು. ಆ ತಗಡಿನ ಮೇಲಂಚು ಹೌಸ್‌ವ್ರ್ಯಾಪಿನ ಒಳಗೆ ಹೋಗಬೇಕು. ಅಮ್ಮ ಕೇಳಿದ ಸಜ್ಜಾ ಇದೇ. ಆಮೇಲೆ ಹಲಗೆಯ ಹೊರ ಸುತ್ತಿಗೆ ಹೊಸ ಜೆ-ಚಾನೆಲ್, ಅದರೊಳಗೆ ಕತ್ತರಿಸಿದ ಸೈಡಿಂಗ್, ತುದಿಯಲ್ಲಿ ಕಾಲು ಇಂಚು ಖಾಲಿ ಜಾಗ. ಕೆಳಗಂಚಿಗೆ ಸೀಲಂಟ್ ಇಲ್ಲ. ಒಂದು ಕಿಟಕಿಗೆ ಹೆಚ್ಚುಕಡಿಮೆ ಒಂದು ದಿನ ಹಿಡಿಯುತ್ತದೆ. ಮೊದಲಿನ ಕೆಲಸಗಾರ ಹನ್ನೊಂದು ಕಿಟಕಿಯನ್ನು ಎರಡು ದಿನದಲ್ಲಿ ಮುಗಿಸುತ್ತೇನೆ ಎಂದಾಗಲೇ ನನಗೆ ಅನುಮಾನ ಬರಬೇಕಿತ್ತು.

ಕಿಟಕಿಯ ಎರಡು ಬದಿಗೆ ಅಲಂಕಾರದ ರೆಕ್ಕೆಗಳಂತೆ ಕೂರಿಸುವ ಶಟರ್‌ಗಳಿಗೂ ಇದೇ ಮಾತು. ಸೈಡಿಂಗಿನಲ್ಲಿ ಸ್ಕ್ರೂಗಿಂತ ದೊಡ್ಡ ತೂತು ಕೊರೆಯಬೇಕು, ಬಿಗಿಯಬಾರದು. ಬಿಳಿ ವಿನೈಲ್ ಚೌಕಟ್ಟಿಗೆ ಕಪ್ಪು ಬಣ್ಣ ಬಳಿಸುವ ಯೋಚನೆ ಇದ್ದರೆ ಮೊದಲು ವಾರಂಟಿ ಪತ್ರ ಓದಿ: ಗಾಢ ಬಣ್ಣ ಬಿಸಿಲು ಹೀರಿ ವಿನೈಲನ್ನು ಸೊಟ್ಟಗಾಗಿಸುತ್ತದೆ. ವಿನೈಲಿಗೆಂದೇ ತಯಾರಿಸಿದ ಬಣ್ಣಗಳು ಬೇರೆ ಇವೆ. ಮನೆ 1978ಕ್ಕಿಂತ ಹಳೆಯದಾದರೆ ಸೈಡಿಂಗಿನ ಕೆಳಗಿನ ಹಳೆ ಮರಕ್ಕೆ ಸೀಸದ ಬಣ್ಣ ಇರುವ ಸಾಧ್ಯತೆ ಇದೆ. ಅದಕ್ಕೆ ಪ್ರಮಾಣಪತ್ರ ಪಡೆದ ಗುತ್ತಿಗೆದಾರರೇ ಬೇಕು. ಮಕ್ಕಳಿರುವ ಮನೆಯಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ನ್ಯೂಜೆರ್ಸಿಯಲ್ಲಿ 500 ಡಾಲರಿಗಿಂತ ಹೆಚ್ಚಿನ ಮನೆ ದುರಸ್ತಿಗೆ ಬರವಣಿಗೆಯ ಒಪ್ಪಂದ ಕಡ್ಡಾಯ, ಗುತ್ತಿಗೆದಾರ ರಾಜ್ಯದಲ್ಲಿ ನೋಂದಾಯಿಸಿರಬೇಕು. ನಾನು ಮೊಬೈಲಿನ ಎರಡು ಸಂದೇಶಗಳನ್ನು ನಂಬಿ ಮುಂಗಡ ಕೊಟ್ಟಿದ್ದೆ. ಒಪ್ಪಂದದಲ್ಲಿ "ಸೈಡಿಂಗ್ ಬಿಚ್ಚಿ, ತಗಡು ಹಾಕಿ" ಎಂದು ಬರೆಸಿಕೊಳ್ಳಿ. ಅದಕ್ಕೆ ಒಪ್ಪದವನನ್ನು ಅಲ್ಲಿಂದಲೇ ಕಳಿಸಿಬಿಡಿ.

ನಮ್ಮ ಹಿತ್ತಲ ಕಡೆಯ ಮೂರು ಕಿಟಕಿ ಇನ್ನೂ ಬಾಕಿ ಇವೆ. ಬಡಗಿಯ ಸಲಹೆಯಂತೆ ಹೋದ ಶನಿವಾರ ಏಣಿ ಹತ್ತಿ, ಅವುಗಳ ಕೆಳಗಂಚಿನ ಸೀಲಂಟನ್ನು ಚಾಕುವಿನಿಂದ ಉದ್ದಕ್ಕೂ ಸೀಳಿದೆ. ಮಳೆ ಬಂದು ನಾಲ್ಕು ದಿನವಾಗಿದ್ದರೂ ನಡುವಿನ ಕಿಟಕಿಯಿಂದ ಕಂದು ನೀರು ತೊಟ್ಟಿಕ್ಕಿತು. ನಿಮ್ಮ ಮನೆಯಲ್ಲಿ ಇಂಥ ಕೆಲಸ ಈಗಾಗಲೇ ಆಗಿದ್ದರೆ, ಮುಂದಿನ ಮಳೆಗೆ ಮೊದಲು ಅಷ್ಟನ್ನಾದರೂ ಮಾಡಿ.