‘ಗಡ್ಡೆ ಕರಗಿಸುವ ಇಂಜೆಕ್ಷನ್’ ಎಂಬ ಮಾತನ್ನು ನಂಬಿ ನಾನು ಕಳೆದುಕೊಂಡ ಒಂದು ವರ್ಷ

ಗರ್ಭಕೋಶದ ಫೈಬ್ರಾಯ್ಡ್ ಗಡ್ಡೆಗಳನ್ನು ಒಮ್ಮೆ ಶಸ್ತ್ರಚಿಕಿತ್ಸೆ ಮಾಡಿಸಿ ತೆಗೆಸಿಕೊಂಡ ಮೇಲೆ, ಅವು ಮತ್ತೆ ಕಾಣಿಸಿಕೊಂಡಿವೆ ಎಂದು ತಿಳಿದು ಕಂಗೆಟ್ಟಿರುವ ಮಹಿಳೆಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ವೈದ್ಯೆಯಲ್ಲ. ಆದರೆ ಯಾವ ಪ್ರಶ್ನೆಗಳನ್ನು ಕೇಳದೆ ಹೋದದ್ದರಿಂದ ನನ್ನ ಒಂದು ವರ್ಷ ಹಾಳಾಯಿತೋ ಅವು ಈಗ ನನಗೆ ಬಾಯಿಪಾಠವಾಗಿವೆ.

ಮೊದಲ ಶಸ್ತ್ರಚಿಕಿತ್ಸೆ ಆದಾಗ ನನಗೆ 34 ವರ್ಷ. ಹೊಟ್ಟೆ ಕೊಯ್ದು, ಗರ್ಭಕೋಶವನ್ನು ಉಳಿಸಿಕೊಂಡು ಗಡ್ಡೆಗಳನ್ನಷ್ಟೇ ತೆಗೆಯುವ ಮಯೋಮೆಕ್ಟಮಿ ಅದು. ‘ಎಲ್ಲ ತೆಗೆದಿದ್ದೇವೆ, ಇನ್ನು ಚಿಂತೆಯಿಲ್ಲ’ ಎಂದರು. ನಾನೂ ಕಡತವನ್ನು ಕಪಾಟಿನಲ್ಲಿಟ್ಟು ಮರೆತೆ. 38ರ ಹೊತ್ತಿಗೆ ಮುಟ್ಟಿನ ರಕ್ತಸ್ರಾವ ಮತ್ತೆ ವಿಪರೀತವಾಯಿತು. ಹಾಸಿಗೆಯ ಮೇಲೆ ಟವೆಲನ್ನು ಎರಡು ಮಡಿಕೆ ಮಾಡಿ ಹಾಸಿಕೊಂಡು, ಎರಡು ಗಂಟೆಗೊಮ್ಮೆ ಅಲಾರಾಂ ಇಟ್ಟುಕೊಂಡು ಮಲಗುತ್ತಿದ್ದೆ. ಒಂದು ಮಹಡಿ ಹತ್ತುವಷ್ಟರಲ್ಲಿ ಕಂಬಿ ಹಿಡಿದು ನಿಲ್ಲಬೇಕಾಗುತ್ತಿತ್ತು. ಹಿಮೋಗ್ಲೋಬಿನ್ 7.1ಕ್ಕೆ ಇಳಿದಿತ್ತು. ಸ್ಕ್ಯಾನಿಂಗ್‌ನಲ್ಲಿ ನಾಲ್ಕು ಗಡ್ಡೆಗಳು ಕಂಡವು, ಅವುಗಳಲ್ಲಿ ದೊಡ್ಡದು ಆರು ಸೆಂಟಿಮೀಟರ್. ಆಗ ನಾನು ಕಂಡ ವೈದ್ಯರು ಹಳೆಯ ಕಡತವನ್ನು ಕೇಳಲಿಲ್ಲ, ನಾನೂ ತೋರಿಸಲಿಲ್ಲ. ‘ಗಡ್ಡೆ ಕರಗಿಸುವ ಇಂಜೆಕ್ಷನ್ ಇದೆ, ಆಪರೇಷನ್ ಬೇಕಾಗುವುದಿಲ್ಲ’ ಎಂದರು. ಎರಡನೆಯ ಸಲ ಹೊಟ್ಟೆ ಕೊಯ್ಸಿಕೊಳ್ಳುವ ಭಯದಲ್ಲಿದ್ದವಳಿಗೆ ಇದಕ್ಕಿಂತ ಸಿಹಿಯಾದ ಮಾತು ಇನ್ನೇನಿದ್ದೀತು?

ಆ ಚುಚ್ಚುಮದ್ದು ಲ್ಯೂಪ್ರೊಲೈಡ್. ಈ ಗಡ್ಡೆಗಳು ಬೆಳೆಯುವುದು ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟರಾನ್ ಹಾರ್ಮೋನುಗಳ ಬಲದಿಂದ. ಔಷಧವು ಅಂಡಾಶಯಗಳನ್ನು ತಾತ್ಕಾಲಿಕವಾಗಿ ನಿದ್ದೆಗೆ ತಳ್ಳಿ ಆ ಬಲವನ್ನು ಕಿತ್ತುಕೊಳ್ಳುತ್ತದೆ. ಮುಟ್ಟು ನಿಲ್ಲುತ್ತದೆ, ಗಡ್ಡೆ ಕುಗ್ಗುತ್ತದೆ, ಆ ಅವಧಿಯಲ್ಲಿ ರಕ್ತಹೀನತೆಯನ್ನು ಸರಿಪಡಿಸಿಕೊಂಡು ಶಸ್ತ್ರಚಿಕಿತ್ಸೆಗೆ ಸಿದ್ಧವಾಗಬಹುದು. ಅದಕ್ಕೆ ಇದು ಒಳ್ಳೆಯ ಮದ್ದೇ. ಆದರೆ ಕುಗ್ಗುವುದು ಬೇರೆ, ಕರಗುವುದು ಬೇರೆ ಎಂಬುದನ್ನು ನನಗೆ ಯಾರೂ ಬಿಡಿಸಿ ಹೇಳಲಿಲ್ಲ. ಮೊದಲ ಚುಚ್ಚುಮದ್ದಿನ ನಂತರ ಹಾರ್ಮೋನು ಇಳಿಯುವ ಮೊದಲು ಕೆಲವು ದಿನ ಏರುತ್ತದೆ ಎಂಬುದನ್ನೂ ಹೇಳಲಿಲ್ಲ; ಮೂರನೆಯ ವಾರದಲ್ಲಿ ರಕ್ತಸ್ರಾವ ಇನ್ನಷ್ಟು ಹೆಚ್ಚಿ ರಕ್ತ ಹಾಕಿಸಿಕೊಳ್ಳಬೇಕಾಯಿತು. ಆಮೇಲೆ ಮುಟ್ಟು ನಿಂತಿತು ನಿಜ, ಜೊತೆಗೆ ಮೈಯೆಲ್ಲ ಬಿಸಿಯೇರುವುದು, ಕೀಲುನೋವು, ನಿದ್ದೆಗೇಡು ಶುರುವಾದವು. ಮೂಳೆ ಸವೆಯುವ ಕಾರಣಕ್ಕೆ ಇದನ್ನು ಒಂಟಿಯಾಗಿ ಕೊಡುವುದಾದರೆ ಸಾಮಾನ್ಯವಾಗಿ ಆರು ತಿಂಗಳಿಗೆ ನಿಲ್ಲಿಸುತ್ತಾರೆ, ಮುಂದುವರಿಸಬೇಕಾದರೆ ಅಲ್ಪ ಪ್ರಮಾಣದ ಹಾರ್ಮೋನ್ ಮಾತ್ರೆಯನ್ನು ಜೊತೆಗೆ ಸೇರಿಸುತ್ತಾರೆ. ನನಗೆ ಎಂಟು ತಿಂಗಳು ಕೊಟ್ಟರು, ಜೊತೆಗೆ ಏನನ್ನೂ ಸೇರಿಸಲಿಲ್ಲ.

ಚುಚ್ಚುಮದ್ದು ನಿಲ್ಲಿಸಿ ನಾಲ್ಕು ತಿಂಗಳಾಗುವಷ್ಟರಲ್ಲಿ ಗಡ್ಡೆಗಳು ಹಳೆಯ ಗಾತ್ರಕ್ಕೆ ಮರಳಿದ್ದವು. ಈ ಬಾರಿ ಅದೇ ಕೋಣೆಯಲ್ಲಿ, ಅಷ್ಟೇ ಸಲೀಸಾಗಿ, ಗರ್ಭಕೋಶವನ್ನೇ ತೆಗೆದುಬಿಡೋಣ ಎಂಬ ಸಲಹೆ ಬಂತು. ಸಹಿ ಮಾಡಲು ಕೊಟ್ಟ ಒಪ್ಪಿಗೆ ಪತ್ರದ ಮೂರನೆಯ ಸಾಲಿನಲ್ಲಿ ‘ಎರಡೂ ಅಂಡಾಶಯಗಳ ಸಹಿತ’ ಎಂದು ಮೊದಲೇ ಅಚ್ಚಾಗಿತ್ತು. ಏಕೆಂದು ಕೇಳಿದ್ದಕ್ಕೆ ಎಲ್ಲರಿಗೂ ಅದೇ ನಮೂನೆ ಎಂದರು. ಫೈಬ್ರಾಯ್ಡ್‌ಗಾಗಿ ಆರೋಗ್ಯವಂತ ಅಂಡಾಶಯಗಳನ್ನು ತೆಗೆಯಬೇಕಿಲ್ಲ. ಮುಟ್ಟು ನಿಲ್ಲುವ ವಯಸ್ಸಿಗೆ ಮುನ್ನ ತೆಗೆದರೆ ಮೂಳೆಗೂ ಹೃದಯಕ್ಕೂ ಅಪಾಯ ಹೆಚ್ಚುತ್ತದೆ. ಆಗ ಇದು ನನಗೆ ಗೊತ್ತಿರಲಿಲ್ಲ. ಆ ಸಾಲಿನ ಮೇಲೆ ಪೆನ್ನು ನಿಂತಿತು, ಅಷ್ಟೇ.

ಎರಡನೆಯ ಅಭಿಪ್ರಾಯಕ್ಕೆ ಹೋದಾಗ ಅಲ್ಲಿನ ವೈದ್ಯೆ ಮೊದಲು ಕೇಳಿದ್ದು ಹಳೆಯ ಶಸ್ತ್ರಚಿಕಿತ್ಸೆಯ ಟಿಪ್ಪಣಿಯನ್ನು. ಡಿಸ್ಚಾರ್ಜ್ ಸಮರಿಯಲ್ಲ, ಶಸ್ತ್ರಚಿಕಿತ್ಸಕರು ತಾವು ಮಾಡಿದ್ದನ್ನು ಬರೆದಿಡುವ ಟಿಪ್ಪಣಿ. ಅದನ್ನು ಹೊರತೆಗೆಸಲು ಮೂರು ಸಲ ಅಲೆದೆ. ಐದು ಗಡ್ಡೆ ತೆಗೆದಿದೆ, ಒಂದು ಸೆಂಟಿಮೀಟರಿಗಿಂತ ಚಿಕ್ಕವು ಗೋಡೆಯಲ್ಲಿ ಉಳಿದಿವೆ, ಗರ್ಭಕೋಶದ ಒಳಭಾಗವನ್ನು ತೆರೆದಿಲ್ಲ ಎಂದು ಅದರಲ್ಲಿತ್ತು. ಅಂದರೆ ನನ್ನದು ಪೂರ್ತಿ ಹೊಸದಾಗಿ ಹುಟ್ಟಿದ್ದೇ ಎಂದು ಹೇಳುವಂತಿರಲಿಲ್ಲ. ಅಂದು ಉಳಿದದ್ದೂ ಬೆಳೆದಿರಬಹುದು. ನಂತರ ಎಂ.ಆರ್.ಐ. ಮಾಡಿಸಿದರು. ಎಲ್ಲರೂ ಮಾತಾಡುತ್ತಿದ್ದ ಆರು ಸೆಂಟಿಮೀಟರಿನ ಗಡ್ಡೆ ಗೋಡೆಯ ಹೊರಭಾಗದಲ್ಲಿ ಸುಮ್ಮನಿತ್ತು. ರಕ್ತ ಹರಿಸುತ್ತಿದ್ದದ್ದು ಒಳಪದರಕ್ಕೆ ಅಂಟಿಕೊಂಡು ಕುಹರದೊಳಗೆ ಚಾಚಿದ್ದ ಎರಡೂವರೆ ಸೆಂಟಿಮೀಟರಿನದು. ಗಾತ್ರಕ್ಕಿಂತ ಜಾಗ ಮುಖ್ಯ ಎಂದು ಆ ವೈದ್ಯೆ ಹಾಳೆಯ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದರು. ಅಂಥದ್ದನ್ನು ಯೋನಿಮಾರ್ಗದ ಮೂಲಕ ಹಿಸ್ಟರೊಸ್ಕೋಪ್ ಎಂಬ, ಒಳಗನ್ನು ನೋಡುವ ಸಪೂರ ನಳಿಕೆ ಹಾಕಿ, ಹೊಟ್ಟೆ ಕೊಯ್ಯದೆ ತೆಗೆಯಬಹುದು. ಎಂಟು ತಿಂಗಳು ಚುಚ್ಚಿಸಿಕೊಂಡವಳಿಗೆ ಇದು ಎಷ್ಟು ಕಹಿಯಾಗಿ ಕೇಳಿಸಿತೆಂದು ಬೇರೆ ಹೇಳಬೇಕಿಲ್ಲ.

ಬೇರೆ ದಾರಿಗಳನ್ನೂ ಅವರು ಬಿಡಿಸಿ ಹೇಳಿದರು. ತೊಡೆಸಂದಿಯ ಅಥವಾ ಮಣಿಕಟ್ಟಿನ ರಕ್ತನಾಳದಿಂದ ಸಣ್ಣ ನಳಿಕೆ ತೂರಿಸಿ ಗಡ್ಡೆಗೆ ರಕ್ತ ಹೋಗದಂತೆ ತಡೆಯುವ ಎಂಬೊಲೈಸೇಶನ್ ಗರ್ಭಕೋಶವನ್ನು ಉಳಿಸುತ್ತದೆ. ಆದರೆ ಆಮೇಲೆ ಕೆಲವು ದಿನ ತೀವ್ರ ನೋವಿರುತ್ತದೆ, ಕೆಲವರಿಗೆ ಮುಂದೆ ಮತ್ತೊಂದು ಚಿಕಿತ್ಸೆ ಬೇಕಾಗುತ್ತದೆ, ಮಗು ಬೇಕೆನ್ನುವವರು ಹತ್ತು ಸಲ ಯೋಚಿಸಬೇಕು. ಅಂಡಾಶಯದ ಹಾರ್ಮೋನನ್ನು ತಗ್ಗಿಸುವ ರೆಲುಗೊಲಿಕ್ಸ್‌ನಂಥ ಔಷಧವನ್ನು ಹಾರ್ಮೋನಿನೊಂದಿಗೆ ಸೇರಿಸಿದ ಮಾತ್ರೆ ಚುಚ್ಚುಮದ್ದಿನಂತೆ ಆರಂಭದಲ್ಲಿ ಸ್ರಾವ ಏರಿಸುವುದಿಲ್ಲ. ಅದಕ್ಕೂ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 24 ತಿಂಗಳ ಮಿತಿ ಹಾಕಿದೆ. ಇದೇ ಗಡ್ಡೆಗಳಿಗೆ ಕೊಡುವ ಯುಲಿಪ್ರಿಸ್ಟಾಲ್ ಮಾತ್ರೆಯಿಂದ ಕೆಲವರ ಯಕೃತ್ತಿಗೆ ಗಂಭೀರ ಹಾನಿಯಾದ ಕಾರಣ 2020ರಲ್ಲಿ ಯುರೋಪಿನ ಔಷಧ ಸಂಸ್ಥೆ ಅದರ ಬಳಕೆಯನ್ನು ಬಿಗಿಗೊಳಿಸಿತು. ಗಡ್ಡೆಯನ್ನು ಹೊಟ್ಟೆಯೊಳಗೇ ಯಂತ್ರದಿಂದ ತುಂಡರಿಸಿ ಹೊರತೆಗೆಯುವುದಾದರೆ, ಚೀಲದೊಳಗಿಟ್ಟು ತುಂಡರಿಸುತ್ತಾರೆಯೇ ಎಂದು ಕೇಳಬೇಕಂತೆ; ಅಪರೂಪಕ್ಕೆ ಅದು ಕ್ಯಾನ್ಸರ್ ಆಗಿದ್ದರೆ ಹರಡಬಹುದೆಂದು 2014ರಲ್ಲಿ ಎಫ್‌ಡಿಎ ಎಚ್ಚರಿಸಿತ್ತು. ಗರ್ಭಕೋಶ ತೆಗೆಸುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಗಡ್ಡೆ ಮತ್ತೆ ಬಾರದಂತೆ ಮಾಡುವ ಶಸ್ತ್ರಚಿಕಿತ್ಸೆ ಅದೊಂದೇ, ತಿಳಿದು ಆರಿಸಿಕೊಂಡು ನೆಮ್ಮದಿಯಾಗಿರುವವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಅಚ್ಚಾದ ನಮೂನೆಯ ಮೇಲೆ ಅದು ತೀರ್ಮಾನವಾಗಬಾರದು.

ಮೊದಲು ರಕ್ತನಾಳದ ಮೂಲಕ ಕಬ್ಬಿಣಾಂಶ ಕೊಟ್ಟು ಹಿಮೋಗ್ಲೋಬಿನ್ ಏರಿಸಿದರು, ಆಮೇಲೆ ಒಳಗಿನ ಆ ಒಂದು ಗಡ್ಡೆಯನ್ನು ತೆಗೆದರು. ಅದೇ ದಿನ ಸಂಜೆ ಮನೆಗೆ ಕಳಿಸಿದರು. ಈಗ ಮುಟ್ಟು ಐದು ದಿನಕ್ಕೆ ಮುಗಿಯುತ್ತದೆ, ಅಲಾರಾಂ ಇಡುವುದಿಲ್ಲ. ಈ ಸಲ ಆಸ್ಪತ್ರೆಯಿಂದ ಹೊರಡುವ ಮುನ್ನವೇ ಶಸ್ತ್ರಚಿಕಿತ್ಸೆಯ ಟಿಪ್ಪಣಿಯ ಪ್ರತಿ ಕೇಳಿ ಪಡೆದೆ. ತೆಗೆದದ್ದು ಒಂದು, ಉಳಿದದ್ದು ಮೂರು ಎಂದು ಅದರಲ್ಲಿ ಬರೆದಿದೆ.